ಏಳನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಕುಮಟಾದಿಂದ ನೀವು ಕಳಿಸಿದ ‘ಮಾನವ, ಪ್ರಕೃತಿ ಮತ್ತು ಪ್ರಜಾಪ್ರಭುತ್ವದ ಭವಿಷ್ಯ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನಿಮ್ಮಿಂದ ಒಂದು ಬರಹ ನನಗೆ ಬೇಕೇ ಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಆರು ಪುಟಗಳಲ್ಲಿ ಅಮೆಜಾನ್ ಕಾಡು ಉರಿಯುತ್ತದೆ, ಹಿಮಾಲಯದ ಹಿಮ ಕರಗುತ್ತದೆ, ಅಥೆನ್ಸಿನಲ್ಲಿ ಪ್ರಜಾಪ್ರಭುತ್ವ ಹುಟ್ಟುತ್ತದೆ. ಯಾವುದೂ ಸುಳ್ಳಲ್ಲ. ಆದರೆ ಇದನ್ನೆಲ್ಲ ನಮ್ಮ ಓದುಗರು ಈಗಾಗಲೇ ಓದಿದ್ದಾರೆ. ಏಳನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ಸಮುದ್ರದ ಇಳಿತದ ಹೊತ್ತಿಗೆ ನಿಮ್ಮ ಅಮ್ಮ ಅಘನಾಶಿನಿ ನದಿಯ ನೀರಿಗಿಳಿದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಾರೆ. ತೀರಾ ಸಣ್ಣವು ಕೈಗೆ ಬಂದರೆ ವಾಪಸ್ ಬಿಡುತ್ತಾರೆ, ‘ಬರೋ ವರ್ಷಕ್ಕೂ ಬೇಕಲ್ಲ’ ಅನ್ನುತ್ತಾರೆ. ಇದಕ್ಕೆ ನೀವು ಕೊಟ್ಟಿದ್ದು ನಾಲ್ಕೇ ಸಾಲು. ನಿಮ್ಮ ಲೇಖನ ಇರುವುದೇ ಅಲ್ಲಿ.

ಇನ್ನು ‘ಮಾನವ’ ಎಂಬ ಪದ. ‘ಮಾನವ ಕಾಡು ಕಡಿದ’, ‘ಮಾನವ ದುರಾಸೆಗೆ ಬಿದ್ದ’ ಎಂದು ಪುಟಪುಟದಲ್ಲೂ ಬರೆದಿದ್ದೀರಿ. ಯಾರು ಈ ಮಾನವ? ನಿಮ್ಮ ಅಮ್ಮನೂ ಸೇರುತ್ತಾರಾ? ಅಂಕೋಲಾ ತಾಲೂಕಿನ ಶಿರೂರಿನ ಬಗ್ಗೆ ಬರೆಯುವಾಗ ಇದು ನಿಜಕ್ಕೂ ನೋವು ಕೊಟ್ಟಿತು. 2024ರ ಜುಲೈ 16ರಂದು ಗುಡ್ಡ ಕುಸಿದದ್ದನ್ನು ‘ಪ್ರಕೃತಿ ಸೇಡು ತೀರಿಸಿಕೊಂಡಿತು’ ಅಂದಿದ್ದೀರಿ. ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಏನು ತಪ್ಪು ಮಾಡಿತ್ತು? ಸೇಡು ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ ಸತ್ತುಹೋಗುತ್ತದೆ. ಗುಡ್ಡದ ಬುಡವನ್ನು ಎಷ್ಟು ಕಡಿಯಬಹುದು ಎಂದು ತೀರ್ಮಾನ ಮಾಡಿದವರು ಯಾರು? ಅದರ ಕೆಳಗೆ ಬದುಕುವವರನ್ನು ಯಾರಾದರೂ ಕೇಳಿದ್ದರಾ? ಪ್ರಕೃತಿಯ ಮಾತು ಪ್ರಜಾಪ್ರಭುತ್ವದ ಮಾತಾಗುವುದು ಈ ಪ್ರಶ್ನೆಯಲ್ಲಿ. ನಿಮ್ಮ ಲೇಖನದಲ್ಲಿ ಎರಡೂ ಬೇರೆ ಬೇರೆ ಅಧ್ಯಾಯಗಳಾಗಿ ಉಳಿದಿವೆ.

ಕೊನೆಯಲ್ಲಿ ‘ಪ್ರಜಾಪ್ರಭುತ್ವ ನಿಧಾನ, ಕಾಡು ಉಳಿಸಲು ಗಟ್ಟಿ ಆಡಳಿತಗಾರ ಬೇಕು’ ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಾನು ಕೂತಿರುವ ಶಿರಸಿಯ ಸುತ್ತಲಿನ ಅನುಭವವೇ ಬೇರೆ. ನೈಸರ್ಗಿಕ ಕಾಡನ್ನು ಬೋಳಿಸಿ ತೇಗ ನೆಟ್ಟದ್ದು ಮೇಲಿನಿಂದ ಬಂದ ಆದೇಶ. ಅದನ್ನು ತಡೆಯಲು 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅದಕ್ಕೂ ಸ್ವಲ್ಪ ಮೊದಲು ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಮಾತು ಬಂದಾಗ, ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ವಿಜ್ಞಾನಿಗಳನ್ನು ಕರೆಸಿ ಲಾಭ ನಷ್ಟ ಲೆಕ್ಕ ಹಾಕಿಸಿತು. ಮುಳುಗುವ ತೋಟದ ಬೆಲೆ ಎಷ್ಟು, ಬರುವ ಕರೆಂಟಿನ ಬೆಲೆ ಎಷ್ಟು ಎಂಬ ಲೆಕ್ಕ. ಯೋಜನೆ ಆಗ ನಿಂತಿತು. ನಿಮ್ಮ ಊರಿನ ಹತ್ತಿರದ ಹಳಕಾರಕ್ಕೆ ಹೋಗಿದ್ದೀರಾ? ಬ್ರಿಟಿಷರ ಕಾಲದಲ್ಲಿ ಶುರುವಾದ ಗ್ರಾಮ ಅರಣ್ಯ ಪಂಚಾಯಿತಿ ಅಲ್ಲಿದೆ. ಊರವರೇ ಕೂತು ಕಟ್ಟಳೆ ಮಾಡಿ ಕಾಡು ಕಾಯ್ದಿದ್ದಾರೆ.

ಹಾಗಂತ ಜನ ಯಾವಾಗಲೂ ಗೆಲ್ಲುತ್ತಾರೆ ಎಂದೂ ಬರೆಯಬೇಡಿ. ಕೈಗಾದ ಅಣು ವಿದ್ಯುತ್ ಸ್ಥಾವರಕ್ಕೆ ಎಷ್ಟು ವಿರೋಧ ಇತ್ತು! ಇವತ್ತು ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಸೋತದ್ದನ್ನೂ ಬರೆಯಿರಿ, ಅಲ್ಲಿ ಕೆಲಸ ಸಿಕ್ಕಿದವರ ಮಾತನ್ನೂ ಕೇಳಿ.

ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಜನರ ಮಾತು ಕೇಳಲು ಕರೆಯುವ ಒಂದು ಅಹವಾಲು ಸಭೆಗೆ ನೀವು ಹೋಗಿ ಬಂದಿದ್ದೀರಿ. ಅದು ಒಂದೇ ವಾಕ್ಯದಲ್ಲಿ ಮುಗಿದಿದೆ, ‘ಜನರ ದನಿ ಕೇಳಿಸಲಿಲ್ಲ’ ಅಂತ. ಯಾಕೆ ಕೇಳಿಸಲಿಲ್ಲ ಎಂದು ಬಿಡಿಸಿ ಹೇಳಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಆದರೆ ದಪ್ಪ ವರದಿ ಬರುವುದು ಇಂಗ್ಲಿಷಿನಲ್ಲಿ. ಸಭೆ ಶುರುವಾಗಲು ಇಷ್ಟು ಜನ ಬಂದಿರಲೇಬೇಕು ಎಂಬ ನಿಯಮ ಇಲ್ಲ. ಬೇಕು, ಬೇಡ ಎಂದು ಮತ ಹಾಕುವುದೂ ಇಲ್ಲ. ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಕೊನೆಗೆ ಜನರ ಭಾಷೆಯಲ್ಲೇ ಓದಿ ಹೇಳಬೇಕು. ನೀವು ಹೋದ ಸಭೆಯಲ್ಲಿ ಓದಿದರಾ? ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರು? ಇಳಿತದ ಹೊತ್ತಿಗೇ ಸಭೆ ಇಟ್ಟರೆ ಬಳಚು ಹೆಕ್ಕುವವರು ಬರುವುದಾದರೂ ಹೇಗೆ? ಅಮ್ಮ ಬಂದಿದ್ದರಾ, ಮೈಕು ಸಿಕ್ಕಿತಾ? ನನಗೆ ಇವೆಲ್ಲ ತಿಳಿಯಬೇಕು.

ಅಘನಾಶಿನಿಗೆ ಇನ್ನೂ ಅಣೆಕಟ್ಟು ಕಟ್ಟಿಲ್ಲ. ಅದು ಸಮುದ್ರ ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಅಂಥ ನದಿಯಲ್ಲಿ ನಿಂತು ‘ಬರೋ ವರ್ಷಕ್ಕೂ ಬೇಕು’ ಎನ್ನುವವರ ಮನೆಯಲ್ಲಿ ನೀವು ಬೆಳೆದಿದ್ದೀರಿ. ಇನ್ನು ಮುಂದೆ ‘ವಿನಾಶದ ಅಂಚು’, ‘ಕರಾಳ ಭವಿಷ್ಯ’ದಂಥ ಮಾತು ಬೇಡ. ಬಳಚು, ಉಪ್ಪುನೀರು ಬರುವ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ, ನೀರು ತಡೆಯುವ ಒಡ್ಡು, ಕೊಳ್ಳುವವರು ಬುಟ್ಟಿಗೆ ಎಷ್ಟು ಕೊಟ್ಟರು ಎಂಬುದು, ಇವೆಲ್ಲ ಬರಲಿ.

ಒಂದು ದಿನ ಅಮ್ಮನ ಜೊತೆ ನೀರಿಗೆ ಇಳಿಯಿರಿ. ಆ ಸಭೆಯ ಬಗ್ಗೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಎಂಟು ನೂರು ಪದ ಸಾಕು. ದೀಪಾವಳಿ ಸಂಚಿಕೆಗೆ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.