ವಾರಕ್ಕೊಂದು ಪೀರಿಯಡ್ ಸಾಲದು, ಮೇಡಂ

ಪತ್ರ ಬರೆದವರು ವಿಜಯಪುರದ ಪದವಿ ಕಾಲೇಜೊಂದರ ಇತಿಹಾಸ ಉಪನ್ಯಾಸಕಿ. ಪತ್ರ ದೊಡ್ಡದಿದೆ, ಸಾರ ಇಷ್ಟು: "ನಮ್ಮ ಕಾಲೇಜಿನಲ್ಲಿ ಈ ವರ್ಷದಿಂದ 'ಕ್ರಿಟಿಕಲ್ ಥಿಂಕಿಂಗ್', ಅಂದರೆ ವಿಮರ್ಶೆಯಿಂದ ಯೋಚಿಸುವುದು, ಅಂತ ಒಂದು ಸರ್ಟಿಫಿಕೇಟ್ ಕೋರ್ಸ್ ಶುರುವಾಗುತ್ತಿದೆ. ವಾರಕ್ಕೆ ಒಂದು ಗಂಟೆ. ಅದನ್ನು ಇಂಗ್ಲಿಷ್ ವಿಭಾಗಕ್ಕೆ ಒಪ್ಪಿಸಿದ್ದಾರೆ. ಇದು ಎಲ್ಲ ವಿಷಯಗಳಲ್ಲೂ ಬರಬೇಕಲ್ವಾ ಅಂತ ಮೀಟಿಂಗಿನಲ್ಲಿ ಕೇಳಿದೆ. ಕಾಮರ್ಸಿನವರು ಪೋರ್ಷನ್ ಮುಗಿಸೋದೇ ಕಷ್ಟ ಎಂದರು. ಸೈನ್ಸಿನವರು ನಮ್ಮದರಲ್ಲಿ ಅದು ಇದ್ದೇ ಇದೆ ಎಂದರು. ಹುಡುಗರು ಇದು ಪರೀಕ್ಷೆಗೆ ಬರುತ್ತಾ ಎಂದು ಕೇಳುತ್ತಾರೆ. ಒಬ್ಬ ತಂದೆಯಂತೂ, ಪ್ರಶ್ನೆ ಕೇಳೋದು ಕಲಿಸಿದರೆ ಮಗಳು ಮನೆಯಲ್ಲಿ ಎದುರು ಮಾತಾಡುತ್ತಾಳೆ ಎಂದು ಹೇಳಿ ಹೋದರು. ನಾನು ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಊರಿನ ಗೋಳಗುಮ್ಮಟದಿಂದಲೇ ಶುರು ಮಾಡಿ. ನಿಮ್ಮ ವಿದ್ಯಾರ್ಥಿಗಳೆಲ್ಲ ಅದನ್ನು ನೋಡಿಯೇ ಬೆಳೆದವರು. ಸಾಲಿಯಲ್ಲಿದ್ದಾಗ ಟ್ರಿಪ್ಪಿಗೆ ಹೋಗಿ, ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ, ಮೇಲಿನ ಗ್ಯಾಲರಿಯಲ್ಲಿ ಕೂಗಿ ಬಂದವರು. ಆ ಕಟ್ಟಡದ ಬಗ್ಗೆ ಎರಡು ಮಾತು ಅವರಿಗೆ ಬಾಯಿಪಾಠ ಇರುತ್ತದೆ. ಒಂದು, ಇದು ಪ್ರಪಂಚದ ಎರಡನೇ ಅತಿ ದೊಡ್ಡ ಗುಮ್ಮಟ. ಇನ್ನೊಂದು, ಇಲ್ಲಿ ಕೂಗಿದರೆ ಏಳು ಸಲ ಕೇಳಿಸುತ್ತದೆ.

ಮೊದಲನೆಯದನ್ನು ಬೋರ್ಡಿನ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿ: ದೊಡ್ಡದು ಅಂದರೆ ಯಾವುದನ್ನು ಅಳೆದಾಗ? ಹೊರಗಿನಿಂದ ಅಳೆದರೆ ನಮ್ಮ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ಒಳಗಿನಿಂದ ಅಳೆದರೆ ಸುಮಾರು 38. ಅಂದರೆ ಗುಮ್ಮಟದ ಗೋಡೆಯೇ ಮೂರು ಮೀಟರ್ ದಪ್ಪ, ಇದನ್ನು ಹುಡುಗರೇ ಲೆಕ್ಕ ಹಾಕಿ ಹೇಳುತ್ತಾರೆ. ಈಗ ರೋಮಿನ ಪ್ಯಾಂಥಿಯನ್ ತೆಗೆದುಕೊಳ್ಳಿ. ಅದು ಎರಡನೇ ಶತಮಾನದ್ದು, ಒಳವ್ಯಾಸ 43 ಮೀಟರಿಗೂ ಸ್ವಲ್ಪ ಜಾಸ್ತಿ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಗುಮ್ಮಟದ್ದು 41ರ ಮೇಲಿದೆ. ಒಳಗಿನ ಅಳತೆ ಹಿಡಿದರೆ ನಮ್ಮದು ಎರಡನೆಯದಾಗಿ ಉಳಿಯುವುದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಒಳಗಿನ ನೆಲದ ಅಳತೆ ಹಿಡಿಯಿರಿ. ಗೋಳಗುಮ್ಮಟದ ಒಳಗಿನದು ಒಂದೊಂದು ಬದಿ ಸುಮಾರು 41 ಮೀಟರ್ ಇರುವ ಚೌಕ, ನೆಲ ಹತ್ತಿರ ಹತ್ತಿರ 1,700 ಚದರ ಮೀಟರ್. ಪ್ಯಾಂಥಿಯನ್ನಿನ ದುಂಡು ನೆಲ 1,470ರ ಆಸುಪಾಸು. ಈ ಅಳತೆಯಲ್ಲಿ ನಮ್ಮದೇ ದೊಡ್ಡದು! ಮಧ್ಯದಲ್ಲಿ ಒಂದೂ ಕಂಬವಿಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳನ್ನು ಹೊಂದಿಸಿದ್ದಾರೆ, ನೋಡುತ್ತ ನಿಂತರೆ ಕುತ್ತಿಗೆ ನೋಯುತ್ತದೆ, ಕಣ್ಣು ಮಾತ್ರ ಕೆಳಗಿಳಿಯುವುದಿಲ್ಲ. ಒಂದು ಗಂಟೆಯ ಪಾಠದ ಕೊನೆಗೆ ಹುಡುಗರಿಗೆ ಊರಿನ ಬಗ್ಗೆ ಇರುವ ಅಭಿಮಾನ ಕಡಿಮೆಯಾಗಿರುವುದಿಲ್ಲ. ಯಾರಾದರೂ "ಎರಡನೇ ದೊಡ್ಡದು" ಎಂದರೆ "ಯಾವ ಲೆಕ್ಕದಲ್ಲಿ?" ಎಂದು ಕೇಳುವುದು ಮಾತ್ರ ಅವರ ಜೊತೆ ಉಳಿಯುತ್ತದೆ.

ಎರಡನೆಯ ಮಾತನ್ನು ಫಿಸಿಕ್ಸ್ ವಿಭಾಗಕ್ಕೆ ಕಳಿಸಿ. ನಮ್ಮದರಲ್ಲಿ ಅದು ಇದ್ದೇ ಇದೆ ಎಂದರಲ್ಲ, ಅವರಿಗೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 38 ಮೀಟರ್ ಆಚೆಯ ಗೋಡೆಗೆ ಹೋಗಿ ವಾಪಸ್ ಬರಲು 0.22 ಸೆಕೆಂಡ್ ಬೇಕು. ಎರಡು ಶಬ್ದಗಳ ನಡುವೆ ಸುಮಾರು 0.1 ಸೆಕೆಂಡ್ ಅಂತರವಿದ್ದರೆ ಕಿವಿಗೆ ಅವು ಬೇರೆ ಬೇರೆಯಾಗಿ ಕೇಳಿಸುತ್ತವೆ. ಹಾಗಾಗಿ ಅಲ್ಲಿ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ, ಎಂಟು ಮೀಟರ್ ಅಗಲದ ನಿಮ್ಮ ಕ್ಲಾಸ್‌ರೂಮಿನಲ್ಲಿ ಕೇಳುವುದಿಲ್ಲ. ಸರಿ, ಏಳು ಸಲ ಎನ್ನುವುದು ನಿಜವಾ? ಒಬ್ಬ ಗೈಡ್ ಏಳು ಅಂದರೆ ಇನ್ನೊಬ್ಬರು ಹತ್ತು ಅನ್ನುತ್ತಾರೆ. ಹುಡುಗರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಒಂದು ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಭಾನುವಾರ ಮಧ್ಯಾಹ್ನ ಜನ ಗದ್ದಲ ಮಾಡುತ್ತಿರುವಾಗ ಮತ್ತೊಮ್ಮೆ ಮಾಡಲಿ. ಕಿವಿಯಿಂದ ಎಣಿಸಿದ್ದು ಎಷ್ಟು, ಫೋನಿನ ಪರದೆಯ ಮೇಲೆ ಶಬ್ದದ ಗೆರೆಯಲ್ಲಿ ಕಂಡ ಉಬ್ಬು ಎಷ್ಟು, ಎರಡೂ ಒಂದೇನಾ, ಇಲ್ಲವಾದರೆ ಯಾಕೆ? ಲ್ಯಾಬಿನಲ್ಲಿ ರೀಡಿಂಗ್ ಮೊದಲೇ ಗೊತ್ತಿರುತ್ತದೆ. ಸೀನಿಯರ್ ರೆಕಾರ್ಡ್ ನೋಡಿ ಬರೆದುಕೊಳ್ಳುತ್ತಾರೆ. ಇಲ್ಲಿ ನಕಲು ಮಾಡಲು ಯಾರ ರೆಕಾರ್ಡೂ ಇಲ್ಲ. ಸೈನ್ಸ್ ಓದಿದ ಮಾತ್ರಕ್ಕೆ ವಿಮರ್ಶೆಯಿಂದ ಯೋಚಿಸುವುದು ಬಂದುಬಿಡುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾನಂತೂ ಅದನ್ನು ಒಪ್ಪುವುದಿಲ್ಲ.

ಇನ್ನು ನಿಮ್ಮ ವಿಷಯ. ಐಹೊಳೆ ಇಲ್ಲಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಮೇಗುತಿ ಗುಡ್ಡದ ಜೈನ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಕಾಲ ಶಕ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಎಂದು ನಾವೆಲ್ಲ ಹತ್ತು ಅಂಕಕ್ಕೆ ಬರೆದದ್ದಕ್ಕೆ ಆಧಾರ ಈ ಕಲ್ಲು. ಆದರೆ ಬರೆದವನು ಯಾರು? ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ರಾಜನ ಕೃಪೆಯಿಂದ ಬಸದಿ ಕಟ್ಟಿಸಿದವನು, ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಇಟ್ಟುಕೊಂಡವನು. ಅವನು ರಾಜನನ್ನು ಹೊಗಳದೆ ಇರುತ್ತಾನಾ? ಹಾಗಂತ ಅವನ ಮಾತು ಸುಳ್ಳು ಅಂತಲೂ ಹೇಳಲಾಗದು. ಆಗ ಬೇರೆ ಸಾಕ್ಷಿ ಹುಡುಕಬೇಕು. ಸಿಗುತ್ತದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನ ಆದರ, ಆತಿಥ್ಯ ಎಲ್ಲ ಪಡೆದವನು. ಅವನೇ, ಹರ್ಷ ದೊಡ್ಡ ಸೈನ್ಯ ತೆಗೆದುಕೊಂಡು ಹೋದರೂ ಈ ಕಡೆಯ ರಾಜನನ್ನು ಬಗ್ಗಿಸಲಾಗಲಿಲ್ಲ ಎಂದು ಬರೆದಿದ್ದಾನೆ. ಎದುರು ಪಕ್ಷದ ಅನ್ನ ಉಂಡವನು ನಮ್ಮ ಪರವಾಗಿ ಹೇಳಿದ ಸಾಕ್ಷಿ ಅದು, ಅದಕ್ಕೇ ಅದರ ತೂಕ ಜಾಸ್ತಿ. ಅದೇ ಕಲ್ಲಿನಲ್ಲಿ ಭಾರತಯುದ್ಧ ನಡೆದು 3,735 ವರ್ಷವಾಯಿತು ಎಂದೂ ಇದೆ. ಶಕವರ್ಷವನ್ನು ನಂಬುವ ನಾವು ಈ ಲೆಕ್ಕವನ್ನೂ ಹಾಗೇ ನಂಬಬೇಕಾ? ಒಂದು, ಬರೆದವನು ತಾನು ಬದುಕಿದ್ದ ವರ್ಷದ ಬಗ್ಗೆ ಹೇಳಿದ್ದು. ಇನ್ನೊಂದು, ಹಿರಿಯರಿಂದ ಕೇಳಿಕೊಂಡು ಬಂದದ್ದು. ಒಂದೇ ಕಲ್ಲು, ಒಂದೇ ಕೈ, ಆದರೂ ಎರಡು ಮಾತಿಗೆ ಒಂದೇ ಬೆಲೆ ಇಲ್ಲ. ಇದನ್ನು ಎರಡನೇ ಸೆಮಿಸ್ಟರಿನ ಹುಡುಗಿಯೊಬ್ಬಳು ತಾನೇ ಕಂಡುಕೊಂಡರೆ, ಅವಳಿಗೆ ಮುಂದೆ ವಾಟ್ಸಾಪಿನಲ್ಲಿ ಬರುವ ಯಾವ ಇತಿಹಾಸವನ್ನೂ ನೀವು ತಿದ್ದಿ ಹೇಳಬೇಕಾಗಿಲ್ಲ.

ಈಗ ಎಲ್ಲರ ಫೋನಿನಲ್ಲೂ ಚಾಟ್‌ಜಿಪಿಟಿ ಇದೆ. ಐಹೊಳೆ ಶಾಸನದ ಬಗ್ಗೆ ಅದು ಕೊಟ್ಟ ಉತ್ತರವನ್ನು ಪ್ರಿಂಟ್ ತೆಗೆದು ಹಂಚಿ. ಇದರಲ್ಲಿ ಕಲ್ಲಿನ ಮೇಲೆ ಇರುವುದು ಯಾವುದು, ಯಾರೋ ಸೇರಿಸಿದ್ದು ಯಾವುದು ಎಂದು ಗುರುತು ಹಾಕಲು ಹೇಳಿ. ಬ್ಯಾನ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕನ್ನಡ ವಿಭಾಗಕ್ಕೆ ಸಾಮಗ್ರಿ ಮನೆಯಲ್ಲೇ ಇದೆ. ಬಸವಣ್ಣನವರ ಫೋಟೋ ಹಾಕಿದ ನುಡಿಮುತ್ತುಗಳು ದಿನಾ ಬೆಳಿಗ್ಗೆ ಫೋನಿಗೆ ಬರುತ್ತವೆ. ಅವುಗಳಲ್ಲಿ ಎಷ್ಟು ನಿಜಕ್ಕೂ ವಚನ? ಅಂಕಿತ ಇದೆಯಾ? ಅಂಕಿತ ಇದ್ದರೆ ಸಾಕಾ, ಯಾರು ಬೇಕಾದರೂ ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಬಹುದಲ್ಲ? ಭಾಷೆ ಹನ್ನೆರಡನೇ ಶತಮಾನದ್ದು ಅನ್ನಿಸುತ್ತದಾ? ಅಚ್ಚಾದ ಯಾವ ಸಂಪುಟದಲ್ಲಿದೆ? ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲಿ ಮಾಡುತ್ತ ಊರೂರು ತಿರುಗಿ ತಾಳೆಗರಿ ಕೂಡಿಹಾಕಿದರು. 1920ರ ದಶಕದಲ್ಲಿ ಸ್ವಂತ ಅಚ್ಚುಕೂಟ ಇಟ್ಟು ವಚನಗಳನ್ನು ಜನರ ಕೈಗೆ ಕೊಟ್ಟರು. ಅವರ ಊರಿನ ಹುಡುಗರು ಫಾರ್ವರ್ಡ್ ಒತ್ತುವ ಮುಂಚೆ ಮೂಲ ಹುಡುಕಲಿ ಎಂದು ನಾವು ಆಸೆಪಡುವುದರಲ್ಲಿ ತಪ್ಪಿಲ್ಲ.

ಕಾಮರ್ಸಿನವರು ಪೋರ್ಷನ್ ಮುಗಿಯಲ್ಲ ಎಂದರಲ್ಲ, ಅವರ ಕಷ್ಟ ನಿಜವಾದದ್ದೇ. ಆದರೆ ಚಕ್ರಬಡ್ಡಿ ಅವರ ಪೋರ್ಷನ್ನಿನ ಒಳಗೇ ಇದೆ. ತಿಂಗಳಿಗೆ 10 ಪರ್ಸೆಂಟ್ ಕೊಡುತ್ತೇವೆ ಎಂದು ಹೇಳಿ ಹಣ ಎತ್ತುವವರು ನಮ್ಮ ಜಿಲ್ಲೆಗಳಲ್ಲಿ ಯಾವಾಗಲೂ ಇದ್ದಾರೆ. ಬಡ್ಡಿ ತೆಗೆಯದೆ ಬಿಟ್ಟರೆ ಒಂದು ಲಕ್ಷ ರೂಪಾಯಿ ಒಂದು ವರ್ಷಕ್ಕೆ 3.14 ಲಕ್ಷ ಆಗಬೇಕು. ಐದು ವರ್ಷಕ್ಕೆ? ಹುಡುಗರು ಕ್ಯಾಲ್ಕುಲೇಟರ್ ಒತ್ತಲಿ: ಮೂರು ಕೋಟಿ ನಾಲ್ಕು ಲಕ್ಷ ದಾಟುತ್ತದೆ. ಯಾವ ವ್ಯಾಪಾರ ಇಷ್ಟು ಲಾಭ ಕೊಡುತ್ತದೆ? ಒಣದ್ರಾಕ್ಷಿಯಾ, ಕಬ್ಬಾ, ಸಿಮೆಂಟಾ? ಇಷ್ಟು ಲಾಭ ಬರುವುದಾದರೆ ಅವನು ನಮ್ಮ ಹಣ ಯಾಕೆ ಕೇಳುತ್ತಾನೆ, ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ತೆಗೆಯಬಹುದಲ್ಲ? ಮೊದಲು ಸೇರಿದವರಿಗೆ ಬಂದ ದುಡ್ಡು ಎಲ್ಲಿಂದ ಬಂತು? ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಆ ಇಪ್ಪತ್ತು ನಿಮಿಷದಿಂದ ಒಂದು ಮನೆಯ ಹೊಲ ಉಳಿಯಬಹುದು.

ಇಷ್ಟು ಹೇಳಿದ ಮೇಲೆ, ನಿಮ್ಮ ಕಾಲೇಜಿನ ಸರ್ಟಿಫಿಕೇಟ್ ಕೋರ್ಸ್ ಬೇಡವೇ ಬೇಡ ಅನ್ನುತ್ತೀರಾ ಎಂದು ಕೇಳಬಹುದು. ಇಲ್ಲ. ಇದರ ಬಗ್ಗೆ ವಿದೇಶದಲ್ಲಿ ಹಳೆಯ ಜಗಳವೇ ಇದೆ. ಯೋಚನೆ ಎಂದರೆ ಯಾವುದಾದರೂ ಒಂದರ ಬಗ್ಗೆಯೇ ಇರುತ್ತದೆ, ವಿಷಯ ಬಿಟ್ಟು ಬರಿಯ ಯೋಚನೆ ಕಲಿಸಲಾಗದು ಎಂದು ಜಾನ್ ಮೆಕ್‌ಪೆಕ್ 1981ರಲ್ಲೇ ವಾದಿಸಿದರು. ಎಲ್ಲ ವಿಷಯಕ್ಕೂ ಹೊಂದುವ ಕೌಶಲಗಳು ಇವೆ, ಅವನ್ನು ಬಿಡಿಸಿ ಹೇಳಬಹುದು ಎಂದವರು ಅಮೆರಿಕದ ರಾಬರ್ಟ್ ಎನ್ನಿಸ್. 2008ರಲ್ಲಿ ಕೆನಡಾದ ಫಿಲಿಪ್ ಅಬ್ರಾಮಿ ಮತ್ತು ಜೊತೆಗಾರರು 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರತ್ಯೇಕವಾಗಿಯೂ ಕಲಿಸಿ, ವಿಷಯದ ಒಳಗೂ ಬಳಸಿದ ಕಡೆ ಫಲ ಜಾಸ್ತಿ ಸಿಕ್ಕಿತ್ತು. ಪಾಠ ಮಾಡುತ್ತಿದ್ದರೆ ತಾನಾಗೇ ಬರುತ್ತದೆ ಎಂದು ಬಾಯಿಬಿಟ್ಟು ಹೇಳದೆ ಬಿಟ್ಟ ಕಡೆ ತೀರಾ ಕಡಿಮೆ. ನಿಮ್ಮ ಸೈನ್ಸ್ ವಿಭಾಗದವರ ಮಾತಿಗೆ ಇದು ನೇರ ಉತ್ತರ. ಇಂಗ್ಲಿಷ್ ವಿಭಾಗದವರಿಗೂ ಇದೇ ಉತ್ತರ: ನಿಮ್ಮ ಒಂದು ಗಂಟೆ ಇರಲಿ, ಆದರೆ ಆ ಗಂಟೆಯಲ್ಲಿ ಕಲಿಸಿದ್ದನ್ನು ಅದೇ ವಾರ ಇತಿಹಾಸದಲ್ಲೋ ಅಕೌಂಟ್ಸಿನಲ್ಲೋ ಹುಡುಗರು ಬಳಸಬೇಕು, ಬಳಸುವಾಗ "ಇದು ಅದೇ" ಎಂದು ಮೇಷ್ಟ್ರು ಹೇಳಬೇಕು.

ಆ ಗಂಟೆಯನ್ನು ದಯವಿಟ್ಟು ಕನ್ನಡದಲ್ಲಿ ನಡೆಸಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಆಕ್ಷೇಪ ಎತ್ತುವುದೇ ಹೊಸದು. ಅದನ್ನು ಇಂಗ್ಲಿಷಿನಲ್ಲಿ ಎತ್ತು ಎಂದರೆ ವ್ಯಾಕರಣ ಹುಡುಕುವುದರಲ್ಲೇ ಆಕ್ಷೇಪ ಮರೆತುಹೋಗುತ್ತದೆ. ಆಮೇಲೆ ನಾವು, ಇವರಿಗೆ ಯೋಚನೆ ಮಾಡಲು ಬರುವುದಿಲ್ಲ ಎಂದು ಷರಾ ಬರೆಯುತ್ತೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಪರೀಕ್ಷೆಗೆ ಬರುತ್ತಾ ಎಂದು ಹುಡುಗರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಸಿಲೆಬಸ್ ಎರಡು ಸಲ ಬದಲಾಯಿತು. "ಟಿಪ್ಪಣಿ ಬರೆಯಿರಿ", "ವಿವರಿಸಿ" ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಇಂಜಿನಿಯರಿಂಗ್ ಕಡೆ, ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಗಳಲ್ಲಿ ಪ್ರತಿ ಪ್ರಶ್ನೆಯ ಮುಂದೆ ಎಲ್1, ಎಲ್2 ಎಂದು ಬ್ಲೂಮ್ ಹಂತ ನಮೂದಿಸುತ್ತಾರೆ. ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಮಾಡಿದ ವಿಂಗಡಣೆ ಅದು, ಬರಿಯ ನೆನಪಿನಿಂದ ಹಿಡಿದು ಮೇಲಿನ ಮಟ್ಟದ ಯೋಚನೆಯವರೆಗೆ ಆರು ಹಂತ. ಒಳ್ಳೆಯ ಪ್ರಯತ್ನ. ಆದರೆ ನಾಲ್ಕನೇ ಹಂತ ಎಂದು ಬರೆದ ಪ್ರಶ್ನೆಯ ಉತ್ತರ ಹೋದ ವರ್ಷದ ಸಾಲ್ವ್ಡ್ ಪೇಪರಿನಲ್ಲಿ ಇದ್ದರೆ, ಹುಡುಗನ ತಲೆಯಲ್ಲಿ ನಡೆಯುವುದು ಮೊದಲನೇ ಹಂತದ ಕೆಲಸವೇ, ಬರಿಯ ನೆನಪು. ಪ್ರಶ್ನೆ ಕಷ್ಟದ್ದಾ ಸುಲಭದ್ದಾ ಎನ್ನುವುದಕ್ಕಿಂತ, ಹುಡುಗ ಅದರ ಉತ್ತರವನ್ನು ಮೊದಲೇ ಎಲ್ಲಾದರೂ ಓದಿದ್ದಾನಾ ಎನ್ನುವುದು ಮುಖ್ಯ.

ಯೂನಿವರ್ಸಿಟಿ ಪೇಪರ್ ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಇಂಟರ್ನಲ್ಸ್ ನಿಮ್ಮ ಕೈಯಲ್ಲಿದೆ. ಪ್ರತಿ ಟೆಸ್ಟಿನಲ್ಲಿ ಒಂದೇ ಒಂದು ಪ್ರಶ್ನೆ ನೋಟ್ಸಿನಲ್ಲಿ ಉತ್ತರ ಇಲ್ಲದ್ದು ಇರಲಿ. ಉದಾಹರಣೆಗೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟು. ಈಗ ನೀರು ನಿಲ್ಲಿಸುವುದು 519.60 ಮೀಟರ್ ಮಟ್ಟಕ್ಕೆ. ಕೃಷ್ಣಾ ನದಿನೀರಿನ ವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿತು. ಆಲಮಟ್ಟಿಯ ಹಿನ್ನೀರಿನಿಂದಲೇ ಸಾಂಗ್ಲಿಗೆ ಪ್ರವಾಹ ಎಂದು ಮಹಾರಾಷ್ಟ್ರದ ಕಡೆಯವರು, ಅಲ್ಲ ಎಂದು ನಮ್ಮವರು. "ಯಾರು ಸರಿ ಎಂದು ಬರೆಯಬೇಡಿ. ಯಾರು ಸರಿ ಎಂದು ತಿಳಿಯಲು ನಿಮಗೆ ಯಾವ ಯಾವ ಮಾಹಿತಿ ಬೇಕು, ಯಾಕೆ ಬೇಕು, ಅದು ಎಲ್ಲಿ ಸಿಗುತ್ತದೆ ಬರೆಯಿರಿ" ಎಂದು ಐದು ಅಂಕಕ್ಕೆ ಕೇಳಿ. ಒಳಹರಿವು, ಹೊರಹರಿವು, ಸಾಂಗ್ಲಿಯ ನದಿಪಾತ್ರದ ಎತ್ತರ, ನಡುವೆ ಇರುವ ಹಿಪ್ಪರಗಿ ಬ್ಯಾರೇಜಿನ ಗೇಟು ಯಾವಾಗ ತೆರೆದರು, ಮೇಲೆ ಮಳೆ ಎಷ್ಟಾಯಿತು, ಹೀಗೆ. ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಮನೆ ಕಳೆದುಕೊಂಡವರ ಮಕ್ಕಳು ನಿಮ್ಮ ಕ್ಲಾಸಿನಲ್ಲೂ ಇರಬಹುದು. ಅವರು ಬರೆಯುವುದನ್ನು ಗಮನವಿಟ್ಟು ಓದಿ. ಅಂಕ ಹೇಗೆ ಕೊಡುತ್ತೀರಿ ಎಂದು ಮೊದಲೇ ಹೇಳಿ: ನಿಮ್ಮ ಅಭಿಪ್ರಾಯಕ್ಕೆ ತಾಳೆಯಾಗುವುದಕ್ಕೆ ಅಂಕ ಇಲ್ಲ, ಕಾರಣಕ್ಕೆ ಇದೆ.

ಕೊನೆಗೆ ಆ ತಂದೆಯ ಮಾತು. ಅವರನ್ನು ದೂರ ಮಾಡಬೇಡಿ, ಕರೆದು ಕೂರಿಸಿ ಮಾತಾಡಿ. ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು 1976ರಿಂದ ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಇದೆ ನಿಜ, ಆದರೆ ಅಪ್ಪನ ಮುಂದೆ ಕಾನೂನು ಓದಿದರೆ ಉಪಯೋಗವಿಲ್ಲ. ಮಗಳು ಕ್ಲಾಸಿನಲ್ಲಿ ಹಾಕಿದ ಆ 10 ಪರ್ಸೆಂಟ್ ಬಡ್ಡಿಯ ಲೆಕ್ಕವನ್ನು ಅವರಿಗೆ ತೋರಿಸಿ, ಅವಳ ಕೈಯಿಂದಲೇ ವಿವರಿಸಿ ಹೇಳಿಸಿ. ಮತ್ತೆ, ಮೊದಲ ತಿಂಗಳೇ ಜಾತಿ, ದೇವರು, ಮದುವೆಯ ವಿಷಯ ಹಿಡಿಯಬೇಡಿ. ಅವು ಬರಬೇಕು, ಬರುತ್ತವೆ ಕೂಡ, ಆದರೆ ಗುಮ್ಮಟ ಅಳೆದು, ಬಡ್ಡಿ ಲೆಕ್ಕ ಹಾಕಿ, ತನ್ನ ಮಾತನ್ನೇ ತಾನು ತಿದ್ದಿಕೊಳ್ಳುವ ಅಭ್ಯಾಸ ಆದ ಮೇಲೆ ಬರಲಿ. ಆಗ ಹುಡುಗರು ಒಬ್ಬರನ್ನೊಬ್ಬರು ನೋಯಿಸದೆ ಮಾತಾಡುತ್ತಾರೆ.

ಮುಂದಿನ ಇಂಟರ್ನಲ್ ಟೆಸ್ಟಿನಲ್ಲಿ ನೀವು ಕೇಳಿದ ಆ ಒಂದು ಪ್ರಶ್ನೆಯನ್ನು, ಹೆಸರು ತೆಗೆದು ಹುಡುಗರ ನಾಲ್ಕೈದು ಉತ್ತರಗಳನ್ನು ನಮಗೆ ಕಳಿಸಿ. ತಪ್ಪು ಉತ್ತರಗಳನ್ನೂ ಕಳಿಸಿ. ಜಾಗ ಎಷ್ಟು ಬೇಕಾದರೂ ಕೊಡುತ್ತೇವೆ. ಬೇರೆ ಕಾಲೇಜಿನ ಮೇಷ್ಟ್ರುಗಳೂ ಕಳಿಸಬಹುದು, ಕಾಮರ್ಸಿನವರು ಮೊದಲು ಕಳಿಸಿದರೆ ಅವರದನ್ನೇ ಮೊದಲು ಹಾಕುತ್ತೇವೆ.