ಬೆರಳಿಗೆ ಸಿಗುತ್ತಿದ್ದ ಗಂಟು

ಆಳಂದದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅತ್ತಿಗೆಗೆ ಗುದದ ಹತ್ತಿರ ಕುರು ಅಂತ ಮೂರು ಸಲ ಕೊಯ್ದರು. ಮತ್ತೆ ಮತ್ತೆ ಕೀವು. ಕೊನೆಗೆ ಸೊಲ್ಲಾಪುರದಲ್ಲಿ ಎಂಆರ್‌ಐ ಮಾಡಿ, ಹುಟ್ಟಿನಿಂದ ಇರೋ ಗಂಟು, ಟೇಲ್‌ಗಟ್ ಸಿಸ್ಟ್ ಅಂದರು. ಮೊದಲೇ ಸ್ಕ್ಯಾನ್ ಮಾಡಿದ್ದರೆ ಈ ಪಾಡು ಇರ್ತಿತ್ತಾ? ಈಗ ನೋವಿಲ್ಲ, ಆಪರೇಷನ್ ಬೇಕೇ?’

ಅಕ್ಕಾ, ಸ್ಕ್ಯಾನ್ ಬೇಕು, ಒಪ್ಪಿದೆ. ಗಂಟು ಎಷ್ಟು ದೊಡ್ಡದು, ಎಲ್ಲಿಗೆ ಅಂಟಿದೆ ಅಂತ ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಆದರೆ ನಿಮ್ಮ ಪತ್ರ ಎರಡು ಸಲ ಓದಿದೆ. ಯಾರಾದರೂ ಗ್ಲೌಸ್ ಹಾಕಿ, ಗುದದೊಳಗೆ ಬೆರಳಿಟ್ಟು ನೋಡಿದರು ಅಂತ ಎಲ್ಲೂ ಇಲ್ಲ. ಬರೆಯೋದು ಮರೆತಿರಾ, ಇಲ್ಲಾ ಅವರು ನೋಡಲೇ ಇಲ್ವಾ?

ತಾಯಿಯ ಹೊಟ್ಟೆಯಲ್ಲಿ ಮೊದಲ ಕೆಲವು ವಾರ ನಮಗೆಲ್ಲ ಪುಟ್ಟ ಬಾಲ ಇರುತ್ತದೆ, ಅದರೊಳಗೆ ಕರುಳಿನ ತುದಿ. 8ನೇ ವಾರದ ಹೊತ್ತಿಗೆ ಅದು ಕರಗಿ ಹೋಗಬೇಕು. ಚೂರು ಉಳಿದರೆ ಲೋಳೆ ತುಂಬಿ ಚೀಲವಾಗುತ್ತದೆ, ಅದೇ ಟೇಲ್‌ಗಟ್ ಸಿಸ್ಟ್. ಗುದನಾಳದ ಹಿಂದೆ, ಬೆನ್ನುಮೂಳೆಯ ತುದಿಯ ಮುಂದೆ ಸುಮ್ನೆ ಕೂತಿರುತ್ತದೆ. ಹೆಂಗಸರಲ್ಲೇ ಜಾಸ್ತಿ. ಸೋಂಕಾದರೆ ಥೇಟ್ ಕುರು, ಭಗಂದರದ (ಗುದದ ಪಕ್ಕ ಕೀವು ಸೋರುವ ತೂತು) ಹಾಗೆ. ಎಷ್ಟೋ ಸಲ ಬೆರಳಿಗೇ ಮೆತ್ತಗೆ ಸಿಗುತ್ತದೆ, ಅರ್ಧ ನಿಮಿಷದ ಕೆಲಸ.

ನನಗೂ ಒಮ್ಮೆ ಅಲ್ಲೇ ತೊಂದರೆ. ವೈದ್ಯರೊಬ್ಬರು ಕುರ್ಚಿಯಿಂದ ಏಳದೆ ಮೂಲವ್ಯಾಧಿ ಅಂತ ಬರೆದರು. ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಆಮೇಲೆ ಇನ್ನೊಬ್ಬರು, ವಯಸ್ಸಾದವರು, ‘ಎಡಕ್ಕೆ ಮಲಗ್ರಿ, ಮೊಣಕಾಲು ಮಡಚ್ರಿ’ ಅಂದರು. ಅಲ್ಲಿ ಮೂಲವ್ಯಾಧಿಯೇ ಇರಲಿಲ್ಲ.

ತಪ್ಪು ವೈದ್ಯರದ್ದೊಂದೇ ಅಲ್ಲ, ಬೇಜಾರಾಗಬೇಡಿ. ನಮ್ಮ ಹೆಂಗಸರು ಅಲ್ಲಿ ನೋವು ಅಂತ ಗಂಡನಿಗೂ ಹೇಳಲ್ಲ. ಗೋಡೆಯ ಮೇಲಿನ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ನಂಬರಿಗೆ ಮಾತ್ರ ಫೋನ್ ಮಾಡುತ್ತಾರೆ. ಇನ್ನು ನಮ್ಮ ಕಲ್ಯಾಣ ಕರ್ನಾಟಕಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ. 2012ರಲ್ಲಿ ಸಂಸತ್ತು ಒಪ್ಪಿತು, ಮೆಡಿಕಲ್ ಸೀಟು ನಮ್ಮ ಮಕ್ಕಳಿಗೆ ಸಿಕ್ಕವು. ಓದಿದವರು ಬೆಂಗಳೂರಿಗೆ, ನಾವು ಸೊಲ್ಲಾಪುರಕ್ಕೆ!

ಆಪರೇಷನ್ ಬೇಕು. ನೋವಿಲ್ಲ ಅಂತ ಬಿಟ್ಟರೆ ಮತ್ತೆ ಕೀವಾಗಬಹುದು, ಅಪರೂಪಕ್ಕೆ ಕ್ಯಾನ್ಸರೂ ಆಗುತ್ತದೆ. ಕೀವು ತೆಗೆದರೆ ಸಾಲದು, ಚೀಲವೇ ಇಡಿಯಾಗಿ ಬರಬೇಕು. ಕೆಳಗಿದ್ದರೆ ಹಿಂದಿನಿಂದ, ಮೇಲಿದ್ದರೆ ಹೊಟ್ಟೆಯ ಕಡೆಯಿಂದ. ಹೋಗುವಾಗ ಹಳೇ ಮೂರೂ ಡಿಸ್ಚಾರ್ಜ್ ಕಾರ್ಡ್ ಒಯ್ಯಿರಿ. ಎಲ್ಲೆಲ್ಲಿ ಕೊಯ್ದಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು.