ಜ್ವರ ಹೋಗಿ ಎರಡು ತಿಂಗಳಾಯ್ತು, ಈಗ ಕಣ್ಣು ಕೆಂಪು

ಮಳೆಗಾಲ ಮುಗಿದ ಮೇಲೆ ಕಣ್ಣಿನ ಡಾಕ್ಟರಾದ ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಒಂದಕ್ಕೆ ಪೂರ್ತಿ ಬರೆಯುತ್ತೇನೆ, ಉಳಿದವಕ್ಕೆ ಒಂದೊಂದು ಮಾತು.

ಮೊದಲ ಪತ್ರ: ನಾನು ಆಳಂದ ತಾಲ್ಲೂಕಿನವಳು, 46 ವರ್ಷ. ಎರಡು ತಿಂಗಳ ಹಿಂದೆ ಚಿಕೂನ್‌ಗುನ್ಯಾ ಆಗಿತ್ತು. ಈಗ ಬಲಗಣ್ಣು ಕೆಂಪು, ಬೆಳಕು ನೋಡಲಾಗುವುದಿಲ್ಲ, ಎಲ್ಲ ಮಂಜು. ಮೆಡಿಕಲ್ ಅಂಗಡಿಯ ಹನಿ ಹಾಕಿದರೆ ಆರಾಮ, ಬಿಟ್ಟರೆ ಮತ್ತೆ ಶುರು. ಮನೆಯಲ್ಲಿ ಉಷ್ಣ ಅಂತಾರೆ. ಏನು ಮಾಡಲಿ ಸಾಹೇಬ್ರೆ?

ಉಷ್ಣ ಒಂದೇ ಕಣ್ಣಿಗೆ ಹೇಗೆ ಏರುತ್ತದಮ್ಮ? ಕಲಬುರಗಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಆಗ ಊರಿಗೆ ಊರೇ ಕೆಂಪುಗಣ್ಣಲ್ಲಿ ಓಡಾಡಬೇಕಿತ್ತು.

ಪತ್ರ ಓದಿ ಖಚಿತ ಹೇಳಲಾರೆ. ಆದರೆ ನೀವು ಬರೆದದ್ದು ಯೂವಿಯೈಟಿಸ್ ಇದ್ದ ಹಾಗಿದೆ. ಅಂದರೆ ಕಣ್ಣಿನ ಒಳಗಡೆ ಉರಿಯೂತ. 'ಕಣ್ಣು ಬಂದಿದೆ' ಅನ್ನುತ್ತೇವಲ್ಲ, ಅದು ಬೇರೆ. ಅದರಲ್ಲಿ ಪಿಸುರು ಬಂದು ರೆಪ್ಪೆ ಅಂಟುತ್ತದೆ, ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಇದರಲ್ಲಿ ನೋವು, ಬೆಳಕಿಗೆ ಚುಚ್ಚು, ಮಂಜು.

ಚಿಕೂನ್‌ಗುನ್ಯಾ ಕೀಲು ಹಿಡಿಯುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, 2006ರಲ್ಲಿ ಅನುಭವಿಸಿದ್ದೇವೆ. ಜ್ವರ ಬಿಟ್ಟು ವಾರಗಳಾದ ಮೇಲೆ ಅದು ಕಣ್ಣಿಗೂ ಬರಬಹುದು ಅನ್ನುವುದು ಮಾತ್ರ ಯಾರ ತಲೆಯಲ್ಲೂ ಇರುವುದಿಲ್ಲ. ಕೆಲವರಿಗೆ ರೆಟಿನಾಕ್ಕೂ (ಕಣ್ಣಿನ ಹಿಂದಿನ ಪರದೆ), ಕಣ್ಣಿನ ನರಕ್ಕೂ ತಗಲುತ್ತದೆ. ಎಬೋಲಾ ಅನ್ನುವ ಮಾರಕ ವೈರಸ್ ಜ್ವರ ಗೆದ್ದ ಒಬ್ಬ ಅಮೆರಿಕನ್ ವೈದ್ಯರ ವಿಷಯ ಕೇಳಿ. ರಕ್ತದಲ್ಲಿ ವೈರಸ್ ಇಲ್ಲವೆಂದು ಖಾತ್ರಿಯಾದ 9 ವಾರಗಳ ನಂತರ ಅವರ ಕಣ್ಣೊಳಗಿನ ನೀರಿನಲ್ಲಿ ಅದು ಸಿಕ್ಕಿತು. ಚಿಕೂನ್‌ಗುನ್ಯಾ ಅಷ್ಟು ಭಯಂಕರ ಅಲ್ಲ, ಹೆಚ್ಚಿನವರ ದೃಷ್ಟಿ ಚೆನ್ನಾಗಿ ಮರಳುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಬಂದರೆ.

ಈಗ ಆ ಹನಿ. ನನಗೆ ಸಿಟ್ಟು ಬರುವುದೇ ಇಲ್ಲಿ. ಅಂಗಡಿಯವರು ಕೊಟ್ಟಿದ್ದು ಬಹುಶಃ ಸ್ಟಿರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧ. ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಖುಷಿ! ಆದರೆ ಉರಿಯೂತ ಒಳಗೇ ಇರುತ್ತದೆ. ಪಾಪೆಯ ಅಂಚು ಹಿಂದಿನ ಲೆನ್ಸ್‌ಗೆ ಅಂಟಿಕೊಂಡು ಕಣ್ಣಿನ ಒತ್ತಡ ಏರಬಹುದು. ಅದೇ ಹನಿ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ (ಒತ್ತಡದಿಂದ ಕಣ್ಣಿನ ನರ ಹಾಳಾಗುವುದು), ಪೊರೆ. ಹರ್ಪಿಸ್ ವೈರಸ್ಸಿನ ಹುಣ್ಣಿದ್ದರಂತೂ ಕರಿಗುಡ್ಡೆಯೇ ಹಾಳು. ನಾವೂ ಸ್ಟಿರಾಯ್ಡನ್ನೇ ಕೊಡುತ್ತೇವೆ, ನಿಜ. ಆದರೆ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡಿ, ಒತ್ತಡ ಅಳೆದು, ನಿಧಾನವಾಗಿ ಇಳಿಸುತ್ತಾ. ಜೊತೆಗೆ ಪಾಪೆ ಹಿಗ್ಗಿಸುವ ಹನಿ ಇರುತ್ತದೆ. ಅದು ಹಾಕಿದರೆ ಹತ್ತಿರದ ಅಕ್ಷರ ಮಂಜಾಗುತ್ತದೆ. 'ಔಷಧ ಕಣ್ಣು ಕೆಡಿಸಿತು' ಅಂತ ಅದನ್ನೇ ಮೊದಲು ಬಿಡುವವರು ಎಷ್ಟು ಜನ!

ನಾಳೆ ಅನ್ನಬೇಡಿ, ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಜ್ವರ ಬಂದಿತ್ತು ಅಂತ ನೀವೇ ಹೇಳಿ, ಹಳೇ ರಿಪೋರ್ಟ್ ಮತ್ತು ಆ ಹನಿಯ ಬಾಟಲಿ ತೋರಿಸಿ. ಹನಿ ಹಾಕಿ ಪಾಪೆ ದೊಡ್ಡದು ಮಾಡಿ ಹಿಂದಿನ ಪರದೆ ನೋಡುತ್ತಾರೆ. ಆಮೇಲೆ ಬೈಕ್ ಓಡಿಸಲಾಗುವುದಿಲ್ಲ, ಜೊತೆಗೆ ಒಬ್ಬರಿರಲಿ.

ಜೇನು, ಎದೆಹಾಲು, ಈರುಳ್ಳಿ ರಸ ಹಾಕಬಹುದಾ? (ಸೇಡಂ, ಚಿಂಚೋಳಿ, ಹುಮನಾಬಾದ್, ಇನ್ನೂ ಹಲವರು)

ಈರುಳ್ಳಿ ಪಲ್ಯಕ್ಕೆ, ಎದೆಹಾಲು ಕೂಸಿಗೆ. ಜೇನು ಏನಕ್ಕೆ ಅಂತ ನಿಮಗೇ ಗೊತ್ತು.

ಈ ಕೆಂಪುಗಣ್ಣು ನೋಡಿದರೆ ನನಗೂ ಬರುತ್ತದಾ? (ಶಹಾಪುರ)

ಇಲ್ಲ. 'ಕಣ್ಣು ಬಂದಿದ್ದೂ' ನೋಡಿದರೆ ಬರುವುದಿಲ್ಲ, ಕೈ ಮತ್ತು ಟವೆಲ್‌ನಿಂದ ಬರುತ್ತದೆ.

ಡೆಂಗಿ ಆಗಿ ಎಂಟನೇ ದಿನ. ಓದುವಾಗ ನಡುವೆ ಕಪ್ಪು ಚುಕ್ಕೆ. ಪಪ್ಪಾಯಿ ಎಲೆ ರಸ ಕುಡಿಯುತ್ತಿದ್ದೇನೆ. (ಬೀದರ್)

ರಸ ಪಕ್ಕಕ್ಕಿಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದ ಹೊತ್ತಿಗೆ ರೆಟಿನಾದ ನಟ್ಟನಡುವೆ ರಕ್ತ ಅಥವಾ ಬಾವು ಬರಬಹುದು. ಇದನ್ನು ಓದುತ್ತಾ ಕೂರಬೇಡಿ, ಎದ್ದು ಹೊರಡಿ.